ಟ್ರೌಟ್ ಕಚ್ಚುತ್ತಿಲ್ಲವೇ? ತೀರ್ಥನ್ ಹೊಳೆಗೆ ಹೋಗುವ ಹೊಸಬರಿಗೆ ದೋಷ ನಿವಾರಣೆ ಕೈಪಿಡಿ

ಕಾವೇರಿಯಲ್ಲೋ ಊರ ಕೆರೆಯಲ್ಲೋ ಗಾಳ ಹಾಕಿ ಪಳಗಿದವರು ಮೊದಲ ಸಲ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಹಿಡಿಯಲು ಹೋದಾಗ ಒಂದು ತಮಾಷೆ ನಡೆಯುತ್ತದೆ. ಕೈ ಪಳಗಿದೆ, ಸಾಮಾನು ದುಬಾರಿಯದು, ಮೀನು ಮಾತ್ರ ಬರುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಪೆಟ್ಟಿಗೆ ತೆರೆದು ಸ್ಪಿನ್ನರ್ (ಎಳೆದಾಗ ಗಿರಗಿರ ತಿರುಗುವ ತಗಡು ಇರುವ ಗಾಳ) ಬದಲಿಸುತ್ತಾರೆ. ಬೆಳ್ಳಿ ಬಣ್ಣ ಹೋಗಿ ಚಿನ್ನದ ಬಣ್ಣ ಬರುತ್ತದೆ, ಚಿನ್ನದ್ದು ಹೋಗಿ ಕೆಂಪು ಚುಕ್ಕೆಯದು ಬರುತ್ತದೆ. ಮೀನು ಆಗಲೂ ಬರುವುದಿಲ್ಲ.

ಈ ಕೈಪಿಡಿಯಲ್ಲಿ ಪೆಟ್ಟಿಗೆ ತೆರೆಯುವುದು ಕೊನೆಗೆ. ಮೊದಲು ನೀವು ನಿಂತ ಜಾಗ ನೋಡಿ. ಆಮೇಲೆ ಎಸೆಯುವ ಜಾಗ, ಆಮೇಲೆ ಗಾಳ ನೀರಿನಲ್ಲಿ ಸಾಗುವ ರೀತಿ, ಆಮೇಲೆ ದಾರ. ಸ್ಪಿನ್ನರ್ ಅಥವಾ ಫ್ಲೈ (ಹುಳುವಿನ ಹಾಗೆ ಕಾಣುವ ಹಗುರ ಗಾಳ) ಬದಲಿಸುವ ಮಾತು ಇದೆಲ್ಲ ಆದ ಮೇಲೆ. ಮೊದಲ ಮೂರಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಮೀನು ಬಂದರೂ ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ.

ಟ್ರೌಟ್ ಇಲ್ಲಿನ ಮೀನಲ್ಲ. ಬ್ರೌನ್ ಟ್ರೌಟ್ ಎಂಬ ಜಾತಿಯನ್ನು ಬ್ರಿಟಿಷರು ತೀರ್ಥನ್ ಇರುವ ಕುಲ್ಲು ಕಡೆಗೆ ತಂದದ್ದು 1909ರಲ್ಲಿ. ಅದಕ್ಕೆ ತಣ್ಣಗಿನ, ಆಮ್ಲಜನಕ ಜಾಸ್ತಿ ಇರುವ, ಹರಿಯುವ ನೀರು ಬೇಕು. ನಮ್ಮ ಕರ್ನಾಟಕದ ಹೊಳೆಗಳು ಅದಕ್ಕೆ ಬೆಚ್ಚಗಾಗುತ್ತವೆ. ನಮಗೆ ಹತ್ತಿರದ ಟ್ರೌಟ್ ನೀರು ಅಂದರೆ ನೀಲಗಿರಿಯ ಅವಲಾಂಚೆ ಕಡೆಯದು. ಹಾಗಾಗಿ ಕೆರೆಯಲ್ಲಿ ಕಲಿತ ಕೆಲವು ಅಭ್ಯಾಸಗಳು ತೀರ್ಥನ್‌ನಲ್ಲಿ ನಮಗೇ ತಿರುಗಿ ಬೀಳುತ್ತವೆ.

ಶುರು ಮಾಡುವ ಮೊದಲು ಒಂದು ಮಾತು. ಹಿಮಾಚಲದ ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲದೆ ಗಾಳ ಹಾಕಬೇಡಿ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಆಗ ಹಿಡಿಯುವಂತಿಲ್ಲ. ಹೊಳೆಯ ಯಾವ ಭಾಗ ತೆರೆದಿದೆ, ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು, ದಿನಕ್ಕೆ ಎಷ್ಟು, ಎರೆಹುಳು ಹಾಕಬಹುದೇ ಎಂಬುದನ್ನು ಪರವಾನಗಿ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ. ಊರವರನ್ನೂ ಕೇಳಿ. ಆ ಕಡೆಯೂ ನಮ್ಮ ಶೃಂಗೇರಿ, ಶಿಶಿಲದ ಹಾಗೆ ದೇವರ ಮೀನಿನ ಜಾಗಗಳಿವೆ. ಜೋಗಿಂದರ್ ನಗರದ ಹತ್ತಿರದ ಮಚ್ಚಿಯಾಲ್ ಅಂಥದ್ದೇ ಒಂದು.

"ಬೆಳಗ್ಗಿನಿಂದ ಎಸೆಯುತ್ತಿದ್ದೇನೆ, ಒಂದೂ ಮುಟ್ಟಿಲ್ಲ"

ಹೊಸಬರ ದೂರುಗಳಲ್ಲಿ ಮುಕ್ಕಾಲು ಪಾಲು ಇದೇ. ಬಹಳ ಸಲ ಮೀನು ಅಲ್ಲೇ ಇರುತ್ತದೆ, ಆದರೆ ನಿಮ್ಮನ್ನು ಮೊದಲೇ ನೋಡಿಬಿಟ್ಟಿರುತ್ತದೆ.

ಹರಿಯುವ ನೀರಿನಲ್ಲಿ ಟ್ರೌಟ್ ಯಾವಾಗಲೂ ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಊಟ ಬರುವುದು ಅಲ್ಲಿಂದಲೇ. ಹೊಳೆಯ ಕೆಳಗಿನಿಂದ ಮೇಲಕ್ಕೆ ನಡೆದರೆ ನೀವು ಅದರ ಬೆನ್ನ ಹಿಂದೆ ಇರುತ್ತೀರಿ. ಮೇಲಿನಿಂದ ಕೆಳಕ್ಕೆ ನಡೆದರೆ ನೇರವಾಗಿ ಅದರ ಕಣ್ಣಿನೊಳಗೆ ನಡೆದ ಹಾಗೆ. ಜೊತೆಗೆ ನೀವು ಎಬ್ಬಿಸಿದ ಕೆಸರು ನಿಮಗಿಂತ ಮೊದಲು ಅದನ್ನು ಮುಟ್ಟುತ್ತದೆ.

ಇನ್ನು ಅದು ಏನು ನೋಡುತ್ತದೆ ಎಂಬುದು. ನೀರಿನೊಳಗಿನ ಮೀನಿಗೆ ಹೊರಗಿನ ಲೋಕ ಪೂರ್ತಿ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಬೆಳಕು ನೀರಿನಲ್ಲಿ ಬಾಗುವುದರಿಂದ ಹೀಗಾಗುತ್ತದೆ. ಮೀನು ಒಂದು ಮೀಟರ್ ಆಳದಲ್ಲಿದ್ದರೆ ಆ ಕಿಟಕಿಯ ಅಗಲ ಸುಮಾರು ಎರಡೂಕಾಲು ಮೀಟರ್. ದಡದಲ್ಲಿರುವ ವಸ್ತುಗಳು ಅದರ ಅಂಚಿನಲ್ಲಿ ಅದುಮಿಕೊಂಡು ಕಾಣುತ್ತವೆ. ನೀವು ಬಂಡೆಯ ಮೇಲೆ ನೆಟ್ಟಗೆ ನಿಂತರೆ ಅಂಚು ಬಿಟ್ಟು ಒಳಕ್ಕೆ ಬರುತ್ತೀರಿ. ಕೂತರೆ, ಬಗ್ಗಿದರೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅಂಚಿನಲ್ಲೇ ಕರಗಿಹೋಗುತ್ತೀರಿ. ದೊಡ್ಡ ಬಂಡೆಯ ಮೇಲೇರಿ ಎಸೆಯುವುದು ಫೋಟೋಗೆ ಚೆನ್ನಾಗಿರುತ್ತದೆ, ಅಷ್ಟೇ.

ಹಾಗಾಗಿ ಮೊದಲ ಪರೀಕ್ಷೆ ಹೀಗೆ. ಸ್ಪಿನ್ನರ್ ಅದೇ ಇರಲಿ. ನೂರು ಮೀಟರ್ ಕೆಳಕ್ಕೆ ದಡದ ಮೇಲಿಂದ, ನೀರಿಗೆ ದೂರವಾಗಿ ನಡೆಯಿರಿ. ಅಲ್ಲಿಂದ ಮೇಲ್ಮುಖವಾಗಿ (ನೀರು ಬರುವ ಕಡೆಗೆ), ಬಗ್ಗಿಕೊಂಡು, ಮೊಣಕಾಲಿನಷ್ಟು ನೀರಿಗೂ ಇಳಿಯದೆ ಎಸೆಯುತ್ತಾ ಬನ್ನಿ. ನಿಮ್ಮ ನೆರಳು ನೀರಿನ ಮೇಲೆ ಬೀಳುತ್ತಿದೆಯೇ ನೋಡಿ. ಬಿಳಿ, ಹಳದಿ ಅಂಗಿ ಬಿಚ್ಚಿಟ್ಟು ಮಂಕು ಬಣ್ಣದ್ದು ಹಾಕಿ. ಈಗ ಮೀನು ಹಿಂಬಾಲಿಸಿದರೂ ಸಾಕು, ದೋಷ ಸಿಕ್ಕಿತು ಅಂತ ಲೆಕ್ಕ.

ಆಗಲೂ ಏನೂ ಇಲ್ಲದಿದ್ದರೆ ಎಸೆಯುವ ಜಾಗ ನೋಡಿ. ಕೆರೆಯವರಿಗೆ ಆಳದ ಮಡುವಿನ ನಡುವೆ ಎಸೆಯುವ ಚಾಳಿ. ಟ್ರೌಟ್ ಶಕ್ತಿ ಉಳಿಸುವ ಮೀನು. ರಭಸದ ನೀರಿನ ಪಕ್ಕ ನಿಧಾನ ನೀರು ಇರುವ ಗೆರೆಯಲ್ಲಿ ಅದು ನಿಲ್ಲುತ್ತದೆ. ತಾನು ನಿಧಾನ ನೀರಿನಲ್ಲಿ ನಿಂತು, ಪಕ್ಕದ ರಭಸದಲ್ಲಿ ತೇಲಿಬರುವ ಹುಳುವಿಗೆ ಬಾಯಿ ಹಾಕುತ್ತದೆ. ನೊರೆ ಸಾಲಾಗಿ ಹೋಗುವ ದಾರಿ, ಬಂಡೆಯ ಹಿಂದಿನ ಶಾಂತ ನೀರು, ಬಂಡೆಯ ಮುಂದೆ ನೀರು ದಿಂಬು ಕಟ್ಟುವ ಜಾಗ, ದಡ ಕೊರೆದು ಒಳಗೆ ಟೊಳ್ಳಾದ ಅಂಚು, ಇವನ್ನು ಹುಡುಕಿ. ತೀರ್ಥನ್‌ನಲ್ಲಿ ಬಂಡೆಗಳಿಗೆ ಬರವಿಲ್ಲ. ಪೋಲರಾಯ್ಡ್ ಕನ್ನಡಕ ಇದ್ದರೆ ನೀರಿನ ಹೊಳಪು ಕಡಿಮೆಯಾಗಿ ತಳ ಕಾಣುತ್ತದೆ. ಇಡೀ ಸಾಮಾನಿನಲ್ಲಿ ನಾನು ಮೊದಲು ಖರ್ಚು ಮಾಡಿ ಎನ್ನುವುದು ಇದಕ್ಕೇ.

ಮೂರನೆಯದು ಹೊತ್ತು ಮತ್ತು ನೀರಿನ ತಾಪ. ಟ್ರೌಟ್ ಚೆನ್ನಾಗಿ ತಿನ್ನುವುದು ನೀರು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ. ಮಾರ್ಚ್ ಬೆಳಗ್ಗೆ ನೀರು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ, ಮೀನು ಜಡವಾಗಿರುತ್ತದೆ. ಆಗ ಐದಕ್ಕೆ ಎದ್ದು ನಡುಗುವುದು ಸುಮ್ನೆ. ಬಿಸಿಲು ನೀರಿಗೆ ಬಿದ್ದು ಒಂದೆರಡು ಗಂಟೆಯಾದ ಮೇಲೆ ಹೋಗಿ. ಮೇ ತಿಂಗಳಲ್ಲಿ ಇದು ತಿರುಗುಮುರುಗು. ಮಧ್ಯಾಹ್ನದ ಬಿಸಿಲಿಗೆ ಮೇಲೆ ಹಿಮ ಕರಗಿ, ಸಂಜೆ ಹೊತ್ತಿಗೆ ಹೊಳೆ ತುಂಬಿ ಬಣ್ಣ ಕೆಡುತ್ತದೆ. ಆಗ ನಸುಕಿನ ಹೊತ್ತೇ ಸರಿ. ಬ್ರೌನ್ ಟ್ರೌಟ್ ಮೊದಲೇ ನಾಚಿಕೆಯ ಮೀನು, ನಡು ಬಿಸಿಲಿನಲ್ಲಿ ಬಂಡೆಯಡಿ ಸೇರಿಬಿಡುತ್ತದೆ.

ನಾಲ್ಕನೆಯದು ನೀರಿನ ಬಣ್ಣ. ಸ್ಪಿನ್ನರನ್ನು ದಡದ ಪಕ್ಕ ಇಳಿಬಿಡಿ. ಮೊಳದಷ್ಟು ಆಳಕ್ಕೆ ಹೋಗುವ ಮೊದಲೇ ಕಣ್ಮರೆಯಾದರೆ ಮೀನಿಗೂ ಕಾಣುವುದು ಕಷ್ಟ. ಆಗ ಒಂದು ಗಾತ್ರ ದೊಡ್ಡದು, ಹೊಳೆಯುವಂಥದ್ದು ಹಾಕಿ ದಡಕ್ಕೆ ಅಂಟಿಕೊಂಡೇ ಎಳೆಯಿರಿ. ಇಲ್ಲವೇ ತಿಳಿಯಾಗಿ ಬಂದು ಸೇರುವ ಯಾವುದಾದರೂ ತೊರೆಯ ಬಾಯಿಗೆ ಹೋಗಿ. ನೀರು ಕೆಂಪು ಕಂದು ಬಣ್ಣಕ್ಕೆ ತಿರುಗಿದ್ದರೆ ಅವತ್ತು ಗಾಳ ಕಟ್ಟಿಟ್ಟು ಚಹಾ ಕುಡಿಯಿರಿ. ಜುಲೈ, ಆಗಸ್ಟ್‌ನಲ್ಲಿ ಹೊಸಬರು ಹೋಗಲೇಬೇಡಿ. ಮೀನೂ ಇಲ್ಲ, ಅಪಾಯವೂ ಜಾಸ್ತಿ.

ಇಷ್ಟೂ ಆದ ಮೇಲೆ ಸ್ಪಿನ್ನರ್. ಅದನ್ನು ಕಾಲಬುಡದ ತಿಳಿನೀರಿನಲ್ಲಿ ಎಳೆದು ನೋಡಿ, ತಗಡು ತಿರುಗುತ್ತಿದೆಯೇ? ಹುಲ್ಲೆಳೆ ಸಿಕ್ಕಿರಬಹುದು, ತಂತಿ ಬಾಗಿರಬಹುದು. ಮಹಶೀರ್‌ನಂಥ ದೊಡ್ಡ ಮೀನಿಗೆ ತಂದ ದೊಡ್ಡ ಸ್ಪೂನ್ (ಚಮಚದಂಥ ತಗಡಿನ ಗಾಳ) ಇಲ್ಲಿ ಬೇಡ. ಮೆಪ್ಸ್ ಕಂಪನಿಯ ಅಳತೆಯಲ್ಲಿ 0, 1, 2 ನಂಬರಿನವು ಸಾಕು, ಎರಡೂವರೆಯಿಂದ ನಾಲ್ಕೂವರೆ ಗ್ರಾಂ ತೂಕದವು.

ಅರ್ಧ ದಿನ ಇದೆಲ್ಲ ಮಾಡಿಯೂ ಒಂದು ಮೀನಿನ ಸುಳಿವೂ ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ. ಕಣಿವೆಯ ಊರುಗಳಾದ ನಾಗಿಣಿಯಲ್ಲೋ ಗುಶೈಣಿಯಲ್ಲೋ ಆ ಹೊಳೆಯನ್ನೇ ನೋಡುತ್ತಾ ಬೆಳೆದ ಒಬ್ಬರನ್ನು ಒಂದು ದಿನಕ್ಕೆ ಜೊತೆಗೆ ಕರೆದುಕೊಳ್ಳಿ. ಹೊಸ ರಾಡ್‌ಗಿಂತ (ಗಾಳದ ಕೋಲಿಗಿಂತ) ಅದು ಅಗ್ಗ. ಕಲಿಸುವ ಹಿರಿಯರಿಗೂ ಒಂದು ಮಾತು. ಹೊಸಬರ ಕೈಯಿಂದ ರಾಡ್ ಕಿತ್ತುಕೊಂಡು "ಹೀಗೆ ಹಾಕಬೇಕು" ಅಂತ ತೋರಿಸಬೇಡಿ. ಹಿಂದೆ ಕೂತು ಅವರ ಕಾಲು ನೋಡಿ. ತಪ್ಪು ಕೈಯಲ್ಲಿ ಇರುವುದು ಕಡಿಮೆ.

"ಹಿಂದೆ ಬರುತ್ತದೆ, ಹತ್ತಿರ ಬಂದು ತಿರುಗಿ ಹೋಗುತ್ತದೆ"

ಇದು ಒಳ್ಳೆಯ ಸುದ್ದಿ. ಜಾಗ ಸರಿ, ಹೊತ್ತು ಸರಿ, ನೀವು ಅಡಗಿದ್ದೂ ಸರಿ. ಉಳಿದದ್ದು ವೇಗ ಮತ್ತು ದಾರ.

ಮೀನು ನಿಮ್ಮ ಕಾಲಬುಡದವರೆಗೆ ಬಂದು ತಿರುಗಿದರೆ ಅದು ಕೊನೆಗೆ ನಿಮ್ಮನ್ನೇ ಕಂಡಿದೆ. ಹಿಂದೆ ಸರಿದು ಎಸೆಯಿರಿ. ನಡುದಾರಿಯಲ್ಲೇ ತಿರುಗಿದರೆ ವೇಗ ಬದಲಿಸಿ. ಒಂದೇ ವೇಗದಲ್ಲಿ ಎಳೆಯುವ ಬದಲು ಒಂದು ಕ್ಷಣ ನಿಲ್ಲಿಸಿ, ಸ್ವಲ್ಪ ಇಳಿಯಲು ಬಿಟ್ಟು, ಮತ್ತೆ ಎಳೆಯಿರಿ. ಆ ಮುಳುಗುವ ಕ್ಷಣದಲ್ಲೇ ಬಹಳಷ್ಟು ಮೀನು ಕಚ್ಚುತ್ತವೆ. ಮೇಲ್ಮುಖವಾಗಿ ಎಸೆದಿದ್ದರೆ ನೀರಿಗಿಂತ ತುಸು ಜೋರಾಗಿ ಎಳೆಯಬೇಕು, ಇಲ್ಲದಿದ್ದರೆ ತಗಡು ತಿರುಗುವುದೇ ಇಲ್ಲ. ಅಡ್ಡ ಎಸೆದಾಗ ಅರ್ಧ ಕೆಲಸ ನೀರೇ ಮಾಡುತ್ತದೆ, ನೀವು ನಿಧಾನಿಸಿ.

ಅದೇ ಮೀನಿಗೆ ಮೇಲಿಂದ ಮೇಲೆ ಎಸೆಯಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟು, ಬೇರೆ ಕೋನದಿಂದ, ಒಂದು ಗಾತ್ರ ಚಿಕ್ಕದು ಹಾಕಿ ನೋಡಿ. ಆಗಲೂ ತಿರುಗಿದರೆ ದಾರ ದಪ್ಪವಾಗಿದೆ. ಕಾವೇರಿಗೆ ಕಟ್ಟಿದ 20, 30 ಪೌಂಡಿನ (ಅಷ್ಟು ತೂಕ ತಡೆಯುವ) ದಾರ ತಿಳಿನೀರಿನಲ್ಲಿ ಎದ್ದು ಕಾಣುತ್ತದೆ. ಟ್ರೌಟ್‌ಗೆ 4ರಿಂದ 6 ಪೌಂಡಿನ ನೈಲಾನ್ ಸಾಕು. ರೀಲಿನಲ್ಲಿ ಹೆಣೆದ ದಾರವೇ ಇದ್ದರೆ ಪೂರ್ತಿ ಬಿಚ್ಚಬೇಡಿ, ತುದಿಗೆ ಎರಡು ಮೀಟರ್ ತೆಳು ನೈಲಾನ್ ಸೇರಿಸಿ.

"ಮೀನು ಮೇಲೆದ್ದು ಹುಳು ತಿನ್ನುತ್ತಿದೆ, ನನ್ನ ಫ್ಲೈ ಮಾತ್ರ ಬೇಡವಂತೆ"

ಫ್ಲೈ ಹಾಕುವವರಿಗೆ ಇದಕ್ಕಿಂತ ಹೊಟ್ಟೆಯುರಿಯುವ ದೃಶ್ಯ ಇಲ್ಲ. ಫ್ಲೈ ಬದಲಿಸುವ ಮೊದಲು ಅದರ ಪಕ್ಕದ ನೊರೆಗುಳ್ಳೆ ನೋಡಿ. ನಿಮ್ಮ ಫ್ಲೈ ಗುಳ್ಳೆಯ ಜೊತೆಜೊತೆಗೇ ತೇಲಬೇಕು. ಅದು ಗುಳ್ಳೆಯನ್ನು ದಾಟಿ ಓಡುತ್ತಿದ್ದರೆ, ಅಥವಾ ಹಿಂದೆ ಸಣ್ಣ ಗೆರೆ ಎಳೆಯುತ್ತಿದ್ದರೆ, ನಡುವಿನ ರಭಸದ ನೀರು ನಿಮ್ಮ ದಾರವನ್ನು ಎಳೆಯುತ್ತಿದೆ. ನಿಜವಾದ ಹುಳು ಹಾಗೆ ಓಡುವುದಿಲ್ಲ, ಮೀನಿಗೆ ಅದು ಗೊತ್ತು. ಎಸೆದ ಕೂಡಲೇ ರಾಡಿನ ತುದಿಯಿಂದ ದಾರವನ್ನು ನೀರು ಬರುವ ದಿಕ್ಕಿಗೆ ಮಗುಚಿ ಹಾಕಿ. ಇಲ್ಲವೇ ಎರಡು ಹೆಜ್ಜೆ ಜಾಗ ಬದಲಿಸಿ, ರಭಸದ ಪಟ್ಟಿ ದಾರದ ಕೆಳಗೆ ಬರದ ಹಾಗೆ ನಿಲ್ಲಿ.

ಫ್ಲೈ ಗುಳ್ಳೆಯ ಜೊತೆಗೇ ತೇಲುತ್ತಿದ್ದರೂ ಮುಟ್ಟದಿದ್ದರೆ ಮೀನು ಏಳುವ ರೀತಿ ಗಮನಿಸಿ. ಮೂತಿ ಹೊರಗೆ ಕಂಡರೆ ಮೇಲೆ ತೇಲುವ ಹುಳು ತಿನ್ನುತ್ತಿದೆ. ಬೆನ್ನು, ಬಾಲ ಮಾತ್ರ ಕಂಡರೆ ಅದು ತಿನ್ನುತ್ತಿರುವುದು ನೀರಿನ ಮೇಲ್ಮೈಗೆ ಸ್ವಲ್ಪ ಕೆಳಗೆ, ಏಳುತ್ತಿರುವ ಮರಿಹುಳುವನ್ನು. ನಿಮ್ಮ ಫ್ಲೈಯನ್ನು ಒದ್ದೆ ಮಾಡಿ ಒಂದು ಬೆರಳು ಮುಳುಗಿಸಿ ಬಿಡಿ. ಒಂದು ಕಲ್ಲು ಎತ್ತಿ ತಿರುವಿ ನೋಡಿದರೆ ಅಡಿಯಲ್ಲಿ ಅಂಟಿರುವ ಹುಳುಗಳ ಗಾತ್ರ, ಬಣ್ಣ ಕಾಣುತ್ತದೆ. ಗಾತ್ರ ಹೊಂದಿಸಿದರೆ ಸಾಕು, ಬಣ್ಣ ಆಮೇಲೆ. ಕಲ್ಲನ್ನು ಇದ್ದ ಹಾಗೇ ಇಡಿ.

ತುದಿಯ ದಾರ ಎಷ್ಟು ತೆಳು ಇರಬೇಕು ಎಂಬುದಕ್ಕೆ ಹಳಬರ ಲೆಕ್ಕ: ಫ್ಲೈ ನಂಬರನ್ನು ಮೂರರಿಂದ ಭಾಗಿಸಿ, ಹೆಚ್ಚುಕಡಿಮೆ ಅದೇ ದಾರದ ಎಕ್ಸ್ ನಂಬರು. 14ನೇ ನಂಬರಿನ ಫ್ಲೈಗೆ 5 ಎಕ್ಸ್ ದಾರ, ಅಂದರೆ ಸುಮಾರು 0.15 ಮಿಲಿಮೀಟರ್.

"ಟಕ್ ಅನ್ನುತ್ತದೆ, ಎಳೆದರೆ ಏನೂ ಇಲ್ಲ"

ಮೊದಲು ಅದು ಮೀನೇ ಹೌದಾ ನೋಡಿ. ಕಲ್ಲಿಗೆ ತಾಗಿದರೆ ತಟತಟ ಅಂತ ಒಂದೇ ಥರ ಬಡಿಯುತ್ತದೆ, ಪ್ರತಿ ಸಲವೂ ಅದೇ ಜಾಗದಲ್ಲಿ. ಮೀನು ಕಚ್ಚಿದರೆ ಒಂದೇ ಜಗ್ಗು, ಅಥವಾ ಸ್ಪಿನ್ನರ್ ತಿರುಗುವ ನಡುಕ ಥಟ್ಟನೆ ನಿಂತುಹೋಗುತ್ತದೆ.

ಮೀನೇ ಆಗಿದ್ದರೆ ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಕಚ್ಚಿಕೊಂಡು ನಿಂತರೆ ಹರಿತ ಇದೆ. ಜಾರಿದರೆ ಮೊಂಡಾಗಿದೆ. ಕಲ್ಲಿನ ಹೊಳೆಯಲ್ಲಿ ಗಾಳ ಗಂಟೆಗೊಮ್ಮೆ ಮೊಂಡಾಗುವುದು ಮಾಮೂಲು. ಸಣ್ಣ ಅರ ಇಟ್ಟುಕೊಳ್ಳಿ.

ಮೊನೆ ಸರಿ ಇದ್ದರೆ ದಾರ ಸಡಿಲ ಇದೆ. ಮೇಲ್ಮುಖವಾಗಿ ಎಸೆದಾಗ ಗಾಳ ನಿಮ್ಮ ಕಡೆಗೇ ತೇಲಿಬರುತ್ತದೆ, ಆ ಸಡಿಲವನ್ನು ಬೇಗಬೇಗ ಸುತ್ತಿಕೊಳ್ಳದಿದ್ದರೆ ಮೀನು ಉಗುಳಿದ ಮೇಲೆ ನಿಮಗೆ ಗೊತ್ತಾಗುತ್ತದೆ. ಕೆಳಮುಖವಾಗಿ ಹಾಕಿದಾಗ ತಪ್ಪು ಬೇರೆ. ಅಲ್ಲಿ ನೀವು ಅವಸರದಲ್ಲಿ ಎಳೆದು ಅದರ ಬಾಯಿಯಿಂದಲೇ ಕಿತ್ತುಬಿಡುತ್ತೀರಿ. ಅಲ್ಲಿ ಸುಮ್ಮನೆ ರಾಡ್ ಎತ್ತಿ ಹಿಡಿದರೆ ಸಾಕು.

"ಸಿಕ್ಕಿತ್ತು, ದಾರ ಕಡಿದುಕೊಂಡು ಹೋಯಿತು"

ದುಃಖಪಡುವ ಮೊದಲು ದಾರದ ತುದಿ ನೋಡಿ. ಏನಾಯಿತು ಅಂತ ಅದರಲ್ಲೇ ಬರೆದಿರುತ್ತದೆ.

ತುದಿ ಸುರುಳಿ ಸುತ್ತಿಕೊಂಡಿದ್ದರೆ ದಾರ ಕಡಿದದ್ದಲ್ಲ, ಗಂಟು ಜಾರಿದ್ದು. ಗಾಳಕ್ಕೆ ದಾರ ಕಟ್ಟುವ ಕ್ಲಿಂಚ್ ಗಂಟು ಹಾಕುವಾಗ ತೆಳು ದಾರಕ್ಕೆ ಐದಾರು ಸುತ್ತು ಬೇಕು. ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಎಳೆಯಿರಿ. ಒಣ ದಾರವನ್ನು ಎಳೆದರೆ ಉಜ್ಜಿದ ಬಿಸಿಗೇ ನೈಲಾನ್ ಸೋಲುತ್ತದೆ. ಗಂಟು ಹಾಕಿದ ಮೇಲೆ ಕೈಯಲ್ಲಿ ಗಟ್ಟಿಯಾಗಿ ಜಗ್ಗಿ ನೋಡಿ. ಜಾರುವುದಿದ್ದರೆ ಅಲ್ಲೇ ಜಾರಲಿ.

ತುದಿ ಒರಟಾಗಿ, ಬಿಳಿಚಿಕೊಂಡು, ಹಿಂದಿನ ಒಂದು ಗೇಣು ಗೀರು ಗೀರಾಗಿದ್ದರೆ ಕಲ್ಲಿಗೆ ಉಜ್ಜಿದೆ. ಎರಡು ಬೆರಳ ನಡುವೆ ದಾರ ಎಳೆದರೆ ಗೀರು ತಿಳಿಯುತ್ತದೆ. ಪ್ರತಿ ಮೀನಿನ ನಂತರ, ಪ್ರತಿ ಸಲ ಕಲ್ಲಿನಿಂದ ಬಿಡಿಸಿದ ನಂತರ ಹೀಗೆ ನೋಡಿ, ಕೆಟ್ಟ ಭಾಗ ಕತ್ತರಿಸಿ ಮತ್ತೆ ಕಟ್ಟಿ. ಎರಡು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿ ದೊಡ್ಡ ಮೀನು ಕಳೆದುಕೊಂಡವರ ಕತೆ ಯಾವ ಹೊಳೆಯ ದಡದಲ್ಲೂ ಸಿಗುತ್ತದೆ.

ದಾರ ಉದ್ದಕ್ಕೆ ಹಿಗ್ಗಿ ತೆಳುವಾಗಿ ತುಂಡಾಗಿದ್ದರೆ ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹದವಾಗಿ ಬಿಡುವ ತಡೆ) ಬಿಗಿ ಇದೆ. ದಾರ ತಡೆಯುವ ತೂಕದ ಕಾಲು ಭಾಗಕ್ಕೆ ಅದು ಬಿಡಬೇಕು. 2 ಕಿಲೋ ದಾರ ಆದರೆ ಅರ್ಧ ಕಿಲೋ. ಲಗೇಜ್ ತೂಗುವ ಸಣ್ಣ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ಜಗ್ಗಿದರೆ ಲೆಕ್ಕ ಸಿಗುತ್ತದೆ. ಮಹಶೀರ್ ಹಿಡಿದ ಕೈಗೆ ಇದು ತೀರಾ ಸಡಿಲ ಅನಿಸುತ್ತದೆ. ಇರಲಿ ಬಿಡಿ. ಮೀನು ಓಡುವಾಗ ಓಡಲು ಬಿಡಿ, ನಿಂತಾಗ ಸುತ್ತಿಕೊಳ್ಳಿ.

ತುದಿಯಲ್ಲಿ ಗಾಳ ಹಾಗೇ ಇದೆ, ಮೀನು ಮಾತ್ರ ಇಲ್ಲ ಅಂದರೆ, ಗಾಳ ನೆಟ್ಟಗಾಗಿದೆಯೇ ನೋಡಿ. ಇಲ್ಲದಿದ್ದರೆ ಮೀನು ನೀರಿನಿಂದ ಹಾರಿದಾಗ ದಾರ ಸಡಿಲವಾಗಿ ಕಳಚಿಕೊಂಡಿರುತ್ತದೆ. ರೇನ್‌ಬೋ ಎಂಬ ಇನ್ನೊಂದು ಜಾತಿಯ ಟ್ರೌಟ್ ಹಾರುವುದರಲ್ಲಿ ಎತ್ತಿದ ಕೈ. ಹಾರಿದ ಕೂಡಲೇ ರಾಡ್ ತಗ್ಗಿಸಿ, ಆದರೆ ಸುತ್ತುವುದನ್ನು ಬಿಡಬೇಡಿ.

"ದಾರ ಗೋಜಲಾಗಿ ರೀಲಿನಿಂದ ಉಕ್ಕುತ್ತದೆ"

ರೀಲು ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಅದರಲ್ಲಿ ದಾರದ ಸುತ್ತು ತುಂಬಾ ಜಾಸ್ತಿ ಇದೆಯೇ ನೋಡಿ. ದಾರ ಸುರುಳಿಯ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಬೇಕು. ಎಸೆದ ಮೇಲೆ ರೀಲಿನ ಮೇಲಿನ, ದಾರ ತಡೆಯುವ ಬಾಗು ತಂತಿಯನ್ನು ಹಿಡಿ ತಿರುಗಿಸಿ ಮುಚ್ಚುವ ಬದಲು ಕೈಯಿಂದಲೇ ಮುಚ್ಚಿ, ಒಮ್ಮೆ ದಾರ ಜಗ್ಗಿ ಬಿಗಿ ಮಾಡಿ.

ದಾರ ತಾನೇ ತಾನಾಗಿ ಮುರಿಗಟ್ಟುತ್ತಿದ್ದರೆ ಸ್ಪಿನ್ನರ್ ಅದನ್ನು ಹುರಿಮಾಡಿದೆ. ಸ್ಪಿನ್ನರ್ ಬಿಚ್ಚಿ, ಬರೀ ದಾರವನ್ನು ಹರಿಯುವ ನೀರಿನಲ್ಲಿ ನಲವತ್ತು ಐವತ್ತು ಮೀಟರ್ ಬಿಟ್ಟು ಎರಡು ನಿಮಿಷ ಹಿಡಿದುಕೊಳ್ಳಿ. ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ. ಮೀನು ದಾರ ಎಳೆದುಕೊಂಡು ಓಡುವಾಗ ಹಿಡಿ ತಿರುಗಿಸುತ್ತಲೇ ಇದ್ದರೂ ಇದೇ ಗತಿ.

ಕತ್ತರಿಸಿದ ದಾರದ ತುಂಡನ್ನು ದಡದಲ್ಲಿ ಬಿಡಬೇಡಿ. ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಜೇಬಿಗೆ ಹಾಕಿಕೊಳ್ಳಿ.

"ಎಸೆದದ್ದು ದೂರ ಹೋಗುವುದಿಲ್ಲ"

ಬಹುಶಃ ದೂರ ಹೋಗುವುದೇ ಬೇಕಿಲ್ಲ. ತೀರ್ಥನ್‌ನಲ್ಲಿ ಹತ್ತು ಹನ್ನೆರಡು ಮೀಟರ್ ಎಸೆತಕ್ಕೆ ಸಿಗುವ ಮೀನೇ ಹೆಚ್ಚು. ಅಷ್ಟೂ ಹೋಗದಿದ್ದರೆ ದಪ್ಪ ದಾರಕ್ಕೆ ಹಗುರ ಸ್ಪಿನ್ನರ್ ಕಟ್ಟಿದ್ದೀರಿ, ಅಥವಾ ರೀಲಿನಲ್ಲಿ ದಾರ ತೀರಾ ಕಡಿಮೆ ಇದೆ. ಫ್ಲೈ ಎಸೆಯುವಾಗ ಚಾಟಿಯ ಸದ್ದು ಬಂದರೆ ಹಿಂದಕ್ಕೆ ಹೋದ ದಾರ ಬಿಚ್ಚಿಕೊಳ್ಳುವ ಮೊದಲೇ ಮುಂದಕ್ಕೆ ಬೀಸಿದ್ದೀರಿ. ಫ್ಲೈ ಇನ್ನೂ ಇದೆಯೇ ನೋಡಿಕೊಳ್ಳಿ, ಆ ಸದ್ದಿನ ಜೊತೆ ಅದು ಹಾರಿಹೋಗಿರುತ್ತದೆ.

"ಪ್ರತಿ ಸಲವೂ ಕಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ"

ಆಗಾಗ ಸಿಕ್ಕಿಕೊಂಡರೆ ಸರಿಯಾದ ಆಳದಲ್ಲಿದ್ದೀರಿ ಅಂತ ಅರ್ಥ. ಪ್ರತಿ ಸಲವೂ ಅಂದರೆ ಸ್ಪಿನ್ನರ್ ಭಾರ, ಇಲ್ಲವೇ ಎಳೆಯಲು ತಡ ಮಾಡುತ್ತಿದ್ದೀರಿ. ನೀರಿಗೆ ಬಿದ್ದ ಕ್ಷಣದಿಂದಲೇ ಸುತ್ತಿ. ಮೂರು ಮೊನೆಯ ಗಾಳದ ಬದಲು ಒಂದೇ ಮೊನೆಯದು ಹಾಕಿ.

ಬಿಡಿಸುವಾಗ ರಾಡನ್ನು ಬಿಲ್ಲಾಗಿ ಬಗ್ಗಿಸಿ ಜಗ್ಗಬೇಡಿ. ಕಲ್ಲು ಬಿಟ್ಟರೆ ಸ್ಪಿನ್ನರ್ ಗುಂಡಿನ ವೇಗದಲ್ಲಿ ಮುಖಕ್ಕೇ ಬರುತ್ತದೆ. ಮೊದಲು ಸಡಿಲ ಬಿಟ್ಟು, ಕಲ್ಲಿನ ಮೇಲ್ಭಾಗಕ್ಕೆ ದಡದಲ್ಲೇ ನಡೆದು, ಬಂದ ದಿಕ್ಕಿನ ಎದುರಿನಿಂದ ಅಲ್ಲಾಡಿಸಿ. ಬಿಡದಿದ್ದರೆ ರಾಡನ್ನು ದಾರದ ನೇರಕ್ಕೆ ಹಿಡಿದು, ಮುಖ ತಿರುಗಿಸಿ, ಹಿಂದಕ್ಕೆ ನಡೆಯಿರಿ. ದಾರವನ್ನು ಬರಿಗೈಗೆ ಸುತ್ತಿಕೊಳ್ಳಬೇಡಿ, ಕೊಯ್ದುಬಿಡುತ್ತದೆ. ಕನ್ನಡಕ ಹಾಕಿಕೊಂಡೇ ಇರಿ. ಇನ್ನೂರು ರೂಪಾಯಿಯ ಸ್ಪಿನ್ನರ್‌ಗಾಗಿ ಸೊಂಟ ಮಟ್ಟದ ನೀರಿಗೆ ಇಳಿಯುವವರನ್ನು ಗದರಿಸಿ ನಿಲ್ಲಿಸಿ.

"ಬಿಟ್ಟ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದೆ"

ಅದು ದಣಿದಿದೆ. ಕೈ ಒದ್ದೆ ಮಾಡಿಕೊಂಡು, ಬಾಲದ ಬುಡವನ್ನೂ ಹೊಟ್ಟೆಯ ಅಡಿಯನ್ನೂ ಮೆಲ್ಲಗೆ ಹಿಡಿದು, ನಿಧಾನ ನೀರಿನಲ್ಲಿ ಮೂತಿ ನೀರು ಬರುವ ಕಡೆಗೆ ಇರುವ ಹಾಗೆ ಇರಿಸಿ. ಹಿಂದೆ ಮುಂದೆ ತಳ್ಳಾಡಬೇಡಿ. ಕಿವಿರು ಲಯವಾಗಿ ಆಡತೊಡಗಿ, ತಾನೇ ಒದ್ದುಕೊಂಡು ಹೋಗುವವರೆಗೆ ಕಾಯಿರಿ.

ಮತ್ತೆ ಮತ್ತೆ ಹೀಗಾದರೆ ಕಾರಣ ಹುಡುಕಿ. ತೀರಾ ತೆಳು ದಾರದಲ್ಲಿ ಬಹಳ ಹೊತ್ತು ಆಡಿಸಿರಬಹುದು. ಫೋಟೋಗಾಗಿ ಹೊರಗೆ ಹಿಡಿದಿರಬಹುದು. ಒಣಗೈಯಲ್ಲಿ ಮುಟ್ಟಿದರೆ ಅದರ ಮೈಲೋಳೆ ಹೋಗಿ ಆಮೇಲೆ ಬೂಷ್ಟು ಹಿಡಿಯುತ್ತದೆ. ಗಾಳ ಗಂಟಲಿನ ಆಳಕ್ಕೆ ಹೋಗಿದ್ದರೆ ಕೀಳಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ಇಕ್ಕಳದಿಂದ ಗಾಳದ ಮೊನೆಯ ಹಿಂದಿರುವ ಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿಕೊಂಡರೆ ಈ ತಾಪತ್ರಯದ ಅರ್ಧ ಇರುವುದಿಲ್ಲ. ಎಲ್ಲಿಯಾದರೂ ನೀರಿನ ತಾಪ 20 ಡಿಗ್ರಿ ದಾಟಿದರೆ ಗಾಳ ಹಾಕುವುದನ್ನೇ ನಿಲ್ಲಿಸಿ, ಬಿಟ್ಟ ಮೀನು ಉಳಿಯುವುದು ಅನುಮಾನ.

"ನೀರಿನ ಸದ್ದು ಬದಲಾದ ಹಾಗಿದೆ"

ಇಲ್ಲಿ ಪರೀಕ್ಷೆ ಏನೂ ಇಲ್ಲ. ಮೊದಲು ದಡ ಹತ್ತಿ, ಆಮೇಲೆ ಯೋಚಿಸಿ.

ನೀರು ಥಟ್ಟನೆ ಮಂಕಾಗುವುದು, ಎಲೆ ಕಡ್ಡಿ ತೇಲಿಬರುವುದು, ಒಣಗಿದ್ದ ಕಲ್ಲು ಒದ್ದೆಯಾಗುವುದು, ಮೇಲಿನ ಬೆಟ್ಟದಲ್ಲಿ ಕಪ್ಪು ಮೋಡ. ಇದರಲ್ಲಿ ಒಂದು ಕಂಡರೂ ಸಾಕು. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲೆ ಮಳೆಯಾಗಿರಬಹುದು. ಬಂದಾಗ ಒಂದು ಕಲ್ಲನ್ನು ಗುರುತು ಮಾಡಿಟ್ಟು ಆಗಾಗ ನೋಡುತ್ತಿರಿ. 2023ರ ಜುಲೈ ಪ್ರವಾಹದಲ್ಲಿ ಕುಲ್ಲು ಜಿಲ್ಲೆಯ ಹೊಳೆಗಳು ಏನು ಮಾಡಿದವು ಎಂಬುದು ಅಲ್ಲಿಯ ಯಾರನ್ನು ಕೇಳಿದರೂ ಗೊತ್ತು.

ತೀರ್ಥನ್ ಲಾರ್ಜಿ ಎಂಬ ಊರಿನ ಹತ್ತಿರ ಬಿಯಾಸ್ ನದಿಯನ್ನು ಸೇರುತ್ತದೆ, ಅಲ್ಲಿ ಅಣೆಕಟ್ಟು ಇದೆ. 2014ರ ಜೂನ್ 8ರಂದು ಅದರಿಂದ ಬಿಟ್ಟ ನೀರಿನಲ್ಲಿ ಹೈದರಾಬಾದಿನ ಕಾಲೇಜಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ನದಿಯ ಕಲ್ಲುಗಳ ಮೇಲೆ ನಿಂತಿದ್ದರು. ಅಣೆಕಟ್ಟಿನ ಕೆಳಗೆ, ನೀರು ಎಷ್ಟು ಕಡಿಮೆ ಕಂಡರೂ, ಇಳಿಯಲೇಬೇಡಿ.

ನೀರಿನಲ್ಲಿ ನಡೆಯುವಾಗ ಮೊಣಕಾಲು ಮಟ್ಟ ದಾಟಬೇಡಿ, ಕೈಯಲ್ಲಿ ಊರುಗೋಲು ಇರಲಿ, ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೆ ಇನ್ನೊಂದು ಎತ್ತಿ. ಜಾರಿ ಬಿದ್ದು ರಭಸಕ್ಕೆ ಸಿಕ್ಕರೆ ಅಲ್ಲೇ ಎದ್ದು ನಿಲ್ಲಲು ಹೋಗಬೇಡಿ, ಕಾಲು ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ದಡದ ಕಡೆಗೆ ಕೈ ಬೀಸುತ್ತಾ ಸಾಗಿ. ರಾಡ್ ಹೋದರೆ ಹೋಗಲಿ.

ಒದ್ದೆಯಾದವರು ನಡುಗುತ್ತಿದ್ದು ಮಾತು ತೊದಲಿದರೆ, ಬೆರಳಿಗೆ ಗಂಟು ಹಾಕಲು ಬಾರದಿದ್ದರೆ, ಮೈ ತಾಪ ಇಳಿಯುತ್ತಿದೆ. ಒಣ ಬಟ್ಟೆ, ಕಂಬಳಿ, ಎಚ್ಚರ ಇದ್ದರೆ ಬಿಸಿ ಸಿಹಿ ಚಹಾ ಕೊಡಿ. ಮದ್ಯ ಬೇಡ. ಮೈ ತಣ್ಣಗಿದ್ದೂ ನಡುಕ ನಿಂತುಬಿಟ್ಟರೆ ಆಸ್ಪತ್ರೆಗೆ ಹೊರಡಿ. ಗುಡುಗು ಕೇಳಿದರೆ ರಾಡ್ ಕೆಳಗಿಡಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ದಡದ ಮೇಲೆ ಹಾದುಹೋಗುವ ಕರೆಂಟ್ ತಂತಿಗಳ ಕೆಳಗೂ ಎಸೆಯಬೇಡಿ.

"ಗಾಳ ನನಗೇ ಚುಚ್ಚಿತು"

ದಾರ ಕತ್ತರಿಸಿ ಮೊದಲು ಗಾಳವನ್ನು ರಾಡಿನಿಂದ ಬೇರೆ ಮಾಡಿ. ಮುಳ್ಳು ಚರ್ಮದ ಹೊರಗಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ.

ಮುಳ್ಳು ಒಳಗಿದ್ದು, ಬೆರಳು ಅಥವಾ ತೋಳಿನ ಮಾಂಸದ ಭಾಗವಾಗಿದ್ದರೆ ದಾರದಿಂದ ತೆಗೆಯುವ ಒಂದು ವಿಧಾನ ಇದೆ. ಗಟ್ಟಿ ದಾರವನ್ನು ಗಾಳದ ಬಾಗಿಗೆ ಸುತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಗಾಳದ ಕಣ್ಣಿನ ಭಾಗವನ್ನು ಚರ್ಮಕ್ಕೆ ಒತ್ತಿ, ಆ ಒತ್ತಡಕ್ಕೆ ಮುಳ್ಳು ಮಾಂಸ ಬಿಡುತ್ತದೆ. ಒತ್ತಿ ಹಿಡಿದುಕೊಂಡೇ ದಾರವನ್ನು ಹಿಂದಕ್ಕೆ, ಚರ್ಮಕ್ಕೆ ಸಮನಾಗಿ, ಒಂದೇ ಸಲಕ್ಕೆ ಜಗ್ಗಿ. ಎದುರಿಗೆ ಯಾರೂ ನಿಂತಿರಬಾರದು. ಇದನ್ನು ಮಾಡಿ ಗೊತ್ತಿರುವವರು ಜೊತೆಗಿದ್ದರೆ ಮಾತ್ರ ಮಾಡಿಸಿ. ಒಂದು ಸಲಕ್ಕೆ ಬಾರದಿದ್ದರೆ ಮತ್ತೆ ಪ್ರಯತ್ನಿಸಬೇಡಿ. ಮೂರು ಮೊನೆಯ ಗಾಳದಲ್ಲಿ ಎರಡು ಮೊನೆ ಒಳಗೆ ಹೋಗಿದ್ದರೆ ಇದು ಆಗುವುದಿಲ್ಲ.

ಮುಖ, ಕುತ್ತಿಗೆ, ಕೀಲು, ಮಣಿಕಟ್ಟಿನ ಒಳಭಾಗ ಆದರೆ ಮುಟ್ಟದೆ ಡಾಕ್ಟರ ಹತ್ತಿರ ಹೋಗಿ. ಕಣ್ಣಿಗೆ ತಾಗಿದ್ದರೆ ಎಳೆಯುವುದಿರಲಿ, ಒರೆಸಲೂಬೇಡಿ. ಕಾಗದದ ಲೋಟವನ್ನು ಕಣ್ಣಿನ ಮೇಲೆ ಬೋರಲು ಹಾಕಿ, ಗಾಳಕ್ಕೆ ತಾಗದ ಹಾಗೆ ಅಂಟಿಸಿ, ಕೂಡಲೇ ಹೊರಡಿ. ಹತ್ತಿರದ ಪಟ್ಟಣ ಬಂಜಾರ್‌ನಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಕಣ್ಣಿಗಾದರೆ ಅಲ್ಲಿಂದ ಮುಂದಕ್ಕೂ ಹೋಗಬೇಕಾಗಬಹುದು, ಗಾಡಿಯವರಿಗೆ ಮೊದಲೇ ಹೇಳಿಡಿ. ಕಣಿವೆಯ ಮೇಲ್ಭಾಗದಲ್ಲಿ ಫೋನ್ ಸಿಗದ ಜಾಗಗಳು ಇರುವುದರಿಂದ ಒಬ್ಬರೇ ಹೋಗಬೇಡಿ.

ಸಣ್ಣ ಗಾಯವೇ ಆದರೂ ಸೋಪು ನೀರಿನಲ್ಲಿ ತೊಳೆಯಿರಿ. ಟೆಟನಸ್ ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಡಾಕ್ಟರನ್ನು ಕೇಳಿ ಮತ್ತೊಂದು ಹಾಕಿಸಿಕೊಳ್ಳಿ. ಒಂದೆರಡು ದಿನದಲ್ಲಿ ಗಾಯ ಕೆಂಪಾಗಿ ಊದಿಕೊಂಡು ಬಿಸಿಯಾದರೆ, ಅಥವಾ ಕೀವು ಕಂಡರೆ, ಬೆಂಗಳೂರಿಗೆ ಬಂದು ತೋರಿಸೋಣ ಅಂತ ಕಾಯಬೇಡಿ. ಅಲ್ಲೇ ತೋರಿಸಿ.